ಎಂಡರ್‌ಮ್ಯಾನ್‌ಗೊಂದು ಗೊರಬು

ಕಳೆದ ಏಪ್ರಿಲ್ ರಜೆಗೆ ಅಕ್ಕನ ಮಗ ನಮ್ಮನೆಗೆ ಬಂದಿದ್ದ. ಏಳನೇ ಕ್ಲಾಸಿನ ಹುಡುಗ. ಬಂದ ಎರಡನೇ ದಿನ, ನಾನು ದೋಸೆ ಎರೆಯುತ್ತಿದ್ದಾಗ ಅಡುಗೆಮನೆ ಬಾಗಿಲಿಗೆ ಒರಗಿ ನಿಂತು, "ಚಿಕ್ಕಿ, ನಂಗೆ ಐಟಂ ಐಡಿಯಾ ಬೇಕು" ಅಂದ. ಹೊರಗೆ ಪೇಪರ್ ಓದುತ್ತಿದ್ದ ನಮ್ಮಮ್ಮ ಕನ್ನಡಕದ ಮೇಲಿಂದ ಇಣುಕಿದಳು. ಅವಳಿಗೆ ಗೊತ್ತಿರುವ ಐಟಂ ಅಂದರೆ ಸಿನಿಮಾದಲ್ಲಿ ಇಂಟರ್ವಲ್ ಆದಮೇಲೆ ಬರುವಂಥದ್ದು.

ವಿಷಯ ಅದಲ್ಲ. ಹುಡುಗ ಮೈನ್‌ಕ್ರಾಫ್ಟ್‌ಗೆ ಒಂದು ಮಾಡ್ ಬರೆಯುತ್ತಿದ್ದಾನೆ. ಗೊತ್ತಿಲ್ಲದವರಿಗೆ ಎರಡು ಮಾತು. ಮೈನ್‌ಕ್ರಾಫ್ಟ್ ಅನ್ನೋದು ಸ್ವೀಡನ್ನಿನ ಮೊಜಾಂಗ್ ಕಂಪನಿಯ ಆಟ. 2009ರಲ್ಲಿ ಮಾರ್ಕಸ್ ಪರ್ಸನ್ ಶುರುಮಾಡಿದ್ದು, 2011ರ ನವೆಂಬರಿನಲ್ಲಿ ಪೂರ್ತಿಯಾಗಿ ಬಿಡುಗಡೆ ಆಯ್ತು. 2014ರಲ್ಲಿ ಮೈಕ್ರೋಸಾಫ್ಟ್ ಎರಡೂವರೆ ಬಿಲಿಯನ್ ಡಾಲರ್ ಸುರಿದು ಕಂಪನಿಯನ್ನೇ ಕೊಂಡುಕೊಂಡಿತು. ಆ ಜಗತ್ತೆಲ್ಲ ಚೌಕ ಚೌಕ ಇಟ್ಟಿಗೆ. ಅಗೆಯೋದು, ಕಟ್ಟೋದು, ಕತ್ತಲಾದಮೇಲೆ ಬರುವ ಭೂತ ಪಿಶಾಚಿಗಳಿಂದ ತಪ್ಪಿಸಿಕೊಳ್ಳೋದು, ಇಷ್ಟೇ ಕೆಲಸ. ಮಾಡ್ ಅಂದರೆ ಕಂಪನಿಯವರಲ್ಲದೆ ಆಡುವವರೇ ಆಟಕ್ಕೆ ಸೇರಿಸಿಕೊಳ್ಳುವ ಬಾಲಂಗೋಚಿ. ಐಟಂ ಅಂದರೆ ಅಲ್ಲಿ ಕೈಗೆ ಸಿಗುವ, ಚೀಲಕ್ಕೆ ಹಾಕಿಕೊಳ್ಳಬಹುದಾದ ವಸ್ತು. ನಾನು ಹಗಲು ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿ ರಾತ್ರಿ ಆಟ ಆಡುವವಳಾದ್ದರಿಂದ ಈ ವಿಷಯದಲ್ಲಿ ನಮ್ಮ ಕುಟುಂಬಕ್ಕೆಲ್ಲ ನಾನೇ ಸಲಹೆಗಾರ್ತಿ. ಬೇರೆ ಯಾವ ವಿಷಯಕ್ಕೂ ನನ್ನನ್ನು ಯಾರೂ ಕೇಳುವುದಿಲ್ಲ ಅನ್ನೋದು ಬೇರೆ ಮಾತು.

"ನಿನ್ನ ಹತ್ರ ಎಷ್ಟಿದೆ?" ಅಂದೆ. ನೋಟ್‌ಬುಕ್ ತಂದ. ನಲವತ್ಮೂರು ಐಟಂ. ಬೆಂಕಿ ಕತ್ತಿ, ಹಿಮದ ಕತ್ತಿ, ಮಿಂಚಿನ ಕತ್ತಿ, ವಿಷದ ಕತ್ತಿ. ಆಮೇಲೆ ಮಾಣಿಕ್ಯದ ಕತ್ತಿ, ನೀಲದ ಕತ್ತಿ. ಪುಟ ತಿರುವಿದರೆ ಅಜ್ಜಿ ಹೇಳಿದ ಕಥೆಗಳಿಂದ ಎತ್ತಿದ ಸಾಲು: ವಜ್ರಾಯುಧ, ಸುದರ್ಶನ ಚಕ್ರ, ಗಾಂಡೀವ, ಕರ್ಣನ ಶಕ್ತ್ಯಾಯುಧ. ಪ್ರತಿಯೊಂದರ ಮುಂದೆಯೂ ಒಂದು ಸಂಖ್ಯೆ. ಗಾಂಡೀವ, ಡ್ಯಾಮೇಜ್ 50. ಶಕ್ತ್ಯಾಯುಧ, ಡ್ಯಾಮೇಜ್ 100. ಸುದರ್ಶನಕ್ಕೆ 999, ಯಾಕಂದ್ರೆ ದೇವರದ್ದು.

ನಗಬೇಡಿ. ನಾನು ನೋಡಿರುವ ಮಾಡ್‌ಗಳಲ್ಲಿ ಅರ್ಧಕ್ಕರ್ಧ ಹೀಗೇ ಇವೆ, ಅವನ್ನು ಬರೆದವರಿಗೆ ಮೀಸೆ ಬಂದಿರುತ್ತದೆ, ಅಷ್ಟೇ ವ್ಯತ್ಯಾಸ. ಹೊಸ ವಸ್ತು ಬೇಕು ಅಂದ ತಕ್ಷಣ ತಲೆಗೆ ಬರೋದು ಕತ್ತಿ, ಕತ್ತಿ ಅಂದ ತಕ್ಷಣ ಬರೋದು ಇನ್ನೂ ಜೋರಾದ ಕತ್ತಿ. ಮೂಲ ಆಟದಲ್ಲೂ ಆ ಏಣಿ ಇದೆ. ಮರದ ಕತ್ತಿಯ ಹೊಡೆತ 4, ಕಲ್ಲಿನದು 5, ಕಬ್ಬಿಣದ್ದು 6, ವಜ್ರದ್ದು 7, ಆಮೇಲೆ ಬಂದ ನೆದರೈಟ್ ಎಂಬ ಲೋಹದ್ದು 8. ಒಂದೊಂದೇ ಮೆಟ್ಟಿಲು, ಸಮಾಧಾನವಾಗಿ ಕಟ್ಟಿದ್ದಾರೆ. ಇದರ ಪಕ್ಕ 50 ತಂದಿಟ್ಟರೆ ಏನಾಗತ್ತೆ? ಕೆಳಗಿನ ಐದೂ ಮೆಟ್ಟಿಲು ಸೌದೆ. ಮರದ ಕತ್ತಿ ಹಿಡಿದು ಮೊದಲ ರಾತ್ರಿ ನಡುಗಿದ್ದು, ಕಬ್ಬಿಣ ಸಿಕ್ಕಾಗ ಕುಣಿದಾಡಿದ್ದು, ಎಲ್ಲ ದಂಡ.

ಹೀಗಾಗಿ ಯಾವ ಐಟಂ ಐಡಿಯಾ ಬಂದರೂ ನಾನು ಕೇಳೋದು ಒಂದೇ ಪ್ರಶ್ನೆ: ಇದು ಬಂದಮೇಲೆ ಚೀಲದಲ್ಲಿ ಮೊದಲೇ ಇದ್ದ ವಸ್ತುಗಳ ಗತಿ ಏನು? ಹೊಸ ಸೊಸೆ ಮನೆಗೆ ಬಂದಾಗ ನೆಂಟರು ಅವಳ ಸೀರೆ ನೋಡ್ತಾರೆ, ಅನುಭವಸ್ಥರು ಮನೆಯಲ್ಲಿ ಮೊದಲೇ ಇದ್ದವರ ಮುಖ ನೋಡ್ತಾರೆ. ಹಾಗೆ.

ಈ ಮಾತಿಗೆ ಚಿನ್ನಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಮೈನ್‌ಕ್ರಾಫ್ಟ್‌ನಲ್ಲಿ ಚಿನ್ನ ಬಹಳ ವರ್ಷ ನಗೆಪಾಟಲಿನ ಲೋಹವಾಗಿತ್ತು. ವಜ್ರದ ಪಿಕಾಸಿ 1561 ಏಟು ತಾಳಿದರೆ ಚಿನ್ನದ್ದು ಬರೀ 32 ಏಟಿಗೆ ಮುರಿದುಬೀಳುತ್ತೆ. ಅಗೆಯುವ ವೇಗ ಮಾತ್ರ ಎಲ್ಲಕ್ಕಿಂತ ಹೆಚ್ಚು. ಆದರೆ ಭೂಮಿಯ ಲೋಕದಲ್ಲಿ ಸಿಗುವ ಚಿನ್ನದ ಅದಿರನ್ನು ಚಿನ್ನದ ಪಿಕಾಸಿಯಿಂದಲೇ ತೆಗೆಯೋಕಾಗಲ್ಲ, ಅದಕ್ಕೆ ಕಬ್ಬಿಣದ್ದು ಬೇಕು! ಗಡಿಯಾರ, ರೈಲು ಹಳಿ, ಚಿನ್ನದ ಸೇಬು, ಹೀಗೆ ನಾಲ್ಕಾರು ಉಪಯೋಗ ಬಿಟ್ಟರೆ ಅದು ಪೆಟ್ಟಿಗೆಯಲ್ಲಿ ಕೊಳೆಯುತ್ತಿತ್ತು. ಒಂಥರಾ ನಮ್ಮ ಮನೆಗಳ ಚಿನ್ನದ ಹಾಗೇ, ಬೀರುವಿನೊಳಗೆ.

ಇದನ್ನು ಸರಿಮಾಡಬೇಕು ಅಂತ ನಮ್ಮ ಹುಡುಗನಿಗೆ ಹೇಳಿದ್ದರೆ 32ನ್ನು 3200 ಮಾಡಿ ಕೈತೊಳೆದುಕೊಳ್ಳುತ್ತಿದ್ದ. 2020ರ ಜೂನ್‌ನಲ್ಲಿ ಬಂದ 1.16ನೇ ಆವೃತ್ತಿಯಲ್ಲಿ ಮೊಜಾಂಗ್‌ನವರು ಮಾಡಿದ್ದು ಬೇರೆ. ಚಿನ್ನದ ಪಿಕಾಸಿಯನ್ನು ಅವರು ಮುಟ್ಟಲೇ ಇಲ್ಲ. ನೆದರ್ ಎಂಬ ಪಾತಾಳಕ್ಕೆ ಪಿಗ್ಲಿನ್ ಅನ್ನೋ ಹಂದಿಮೋರೆಯ ಒಂದು ಜನಾಂಗವನ್ನು ತಂದುಬಿಟ್ಟರು. ಆ ಜನಕ್ಕೆ ಚಿನ್ನದ ಹುಚ್ಚು. ಮೈಮೇಲೆ ಚಿನ್ನದ ಕವಚದ ಒಂದು ತುಂಡು ಇದ್ದರೂ ಸಾಕು, ನಿಮ್ಮನ್ನು ನಮ್ಮವರೇ ಅಂತ ಬಿಟ್ಟುಬಿಡ್ತಾರೆ. ಇಲ್ಲದಿದ್ದರೆ ಅಟ್ಟಾಡಿಸ್ತಾರೆ. ಚಿನ್ನದ ಗಟ್ಟಿ ಎಸೆದರೆ ತಿರುಗಿಸಿ ಮೂಸಿ ನೋಡಿ, ಬದಲಿಗೆ ತಮ್ಮ ಹತ್ತಿರ ಇದ್ದದ್ದೇನೋ ಎಸೀತಾರೆ. ಅವರ ಕಣ್ಣೆದುರಿಗೆ ಚಿನ್ನ ಅಗೆದಿರೋ, ಮುಗೀತು. ಲೋಹದ ಒಂದು ಅಂಕಿಯೂ ಬದಲಾಗದೆ ಚಿನ್ನ ವೇಷವೂ ಆಯ್ತು, ನಾಣ್ಯವೂ ಆಯ್ತು, ಜಗಳದ ಮೂಲವೂ ಆಯ್ತು. ವಜ್ರದ ಕವಚ ಪೂರ್ತಿ ತೊಟ್ಟವನೂ ಪಾತಾಳಕ್ಕೆ ಇಳಿಯುವ ಮೊದಲು ಅದರಲ್ಲೊಂದನ್ನು ಕಳಚಿ, ಹಗುರವಾದ ಚಿನ್ನದ ಬೂಟು ಹಾಕಿಕೊಳ್ತಾನೆ. ಹತ್ತು ವರ್ಷದ ಹಳೆಯ ವಸ್ತುವಿಗೆ ಮರುಜನ್ಮ ಕೊಟ್ಟದ್ದು ಬೇರೆ ಯಾರದೋ ಆಸೆ.

ನನ್ನ ಮಟ್ಟಿಗೆ ಆ ಆಟದ ಅತ್ಯುತ್ತಮ ಐಟಂ ಯಾವುದು ಅಂದರೆ ಬಕೆಟ್ಟು. ಹೌದು, ಬಕೆಟ್ಟು. ಮೂರು ಕಬ್ಬಿಣದ ಗಟ್ಟಿ ಸಾಕು ಮಾಡೋಕೆ. ಅದರ ಹೊಡೆತ ಇಷ್ಟು ಅಂತ ಯಾರೂ ಲೆಕ್ಕ ಇಡಲ್ಲ. ನೀರು ತುಂಬಿಕೊಂಡರೆ ಗದ್ದೆಗೆ ಬಿಡಬಹುದು. ಮೈಗೆ ಬೆಂಕಿ ಹತ್ತಿದರೆ ಕಾಲಬುಡಕ್ಕೆ ಸುರಿದುಕೊಳ್ಳಬಹುದು. ಬಂಡೆಯ ತುದಿಯಿಂದ ಬೀಳುತ್ತಿರುವಾಗ ನೆಲ ಮುಟ್ಟುವ ಕ್ಷಣಕ್ಕೆ ಸರಿಯಾಗಿ ನೀರು ಚೆಲ್ಲಿದರೆ ಬದುಕಿಕೊಳ್ತೀರಿ, ಅರ್ಧ ಸೆಕೆಂಡು ತಡವಾದರೆ ಹರಹರ. ನಿಂತ ಲಾವಾದ ಮೇಲೆ ನೀರು ಹರಿದರೆ ಆಬ್ಸಿಡಿಯನ್ ಎಂಬ ಕರಿಕಲ್ಲು ಆಗತ್ತೆ. ಆ ಕಲ್ಲನ್ನು ಅಗೆಯೋಕೆ ವಜ್ರವೇ ಬೇಕು, ಆದರೆ ಲಾವಾ, ನೀರು ಎರಡನ್ನೂ ಬಕೆಟ್ಟಿನಲ್ಲಿ ಹೊತ್ತು ತಂದು ಬೇಕಾದ ಕಡೆಯೇ ಎರಕ ಹೊಯ್ದರೆ ವಜ್ರವಿಲ್ಲದೆಯೇ ಪಾತಾಳದ ಬಾಗಿಲು ಕಟ್ಟಿಬಿಡಬಹುದು. ಹಸು ಸಿಕ್ಕರೆ ಅದೇ ಬಕೆಟ್ಟಿಗೆ ಹಾಲು ಕರೆಯಬಹುದು, ಹಾಲು ಕುಡಿದರೆ ವಿಷ ಇಳಿಯುತ್ತೆ. (ನಮ್ಮಜ್ಜಿ ಕೇಳಿದ್ದರೆ ಖುಷಿಪಡುತ್ತಿದ್ದಳು.) ಆಮೇಲಾಮೇಲೆ ಮೀನು ಹಿಡಿಯೋಕೂ ಬಂತು. ಇಷ್ಟೆಲ್ಲ ಮಾಡುವ ಬಕೆಟ್ಟು ನೆದರ್‌ಗೆ ಹೋದರೆ ಸೋಲುತ್ತೆ. ಅಲ್ಲಿ ನೀರು ಚೆಲ್ಲಿದರೆ ಚುಸ್ಸೆಂದು ಆವಿ. ಜೀವ ಕಾಯುತ್ತಿದ್ದ ಗೆಳೆಯ ಎಲ್ಲಿ ತೀರಾ ಬೇಕೋ ಅಲ್ಲೇ ಕೈಕೊಡ್ತಾನೆ. ಆ ಒಂದು ನಿಯಮದಿಂದಲೇ ಪಾತಾಳ ಪಾತಾಳ ಅನ್ನಿಸೋದು.

ಹಾಸಿಗೆಯದ್ದೂ ಇದೇ ಕಥೆ, ಉಲ್ಟಾ. ಭೂಮಿಯಲ್ಲಿ ಮಲಗಿದರೆ ರಾತ್ರಿ ಕಳೆಯುತ್ತೆ. ಪಾತಾಳದಲ್ಲಿ ಮಲಗೋಕೆ ಹೋದರೆ ಹಾಸಿಗೆ ಸ್ಫೋಟ ಆಗತ್ತೆ. ಅಲ್ಲಿ ಮಲಗಬೇಡಿ ಅಂತ ಹೇಳೋಕೆ ಇಟ್ಟ ಶಿಕ್ಷೆ ಇರಬೇಕು. ಆಡುವವರು ಬಿಟ್ಟಾರೆಯೇ? ಅದನ್ನೇ ಬಾಂಬು ಮಾಡಿಕೊಂಡು ಗಣಿ ಸಿಡಿಸಿದರು, ಕೊನೆಗೆ ಡ್ರ್ಯಾಗನ್ನನ್ನೂ ಹಾಸಿಗೆಯಿಂದಲೇ ಕೊಂದರು. ಮೂರು ಉಣ್ಣೆ, ಮೂರು ಹಲಗೆ. ಯಾವ ಬೆಂಕಿ ಕತ್ತಿಗೂ ಈ ಮರ್ಯಾದೆ ಸಿಕ್ಕಿಲ್ಲ.

ಕಂಪನಿಯವರು ಯಾವಾಗಲೂ ಜಾಣರು ಅಂತಲ್ಲ. 2016ರ 1.9ರಲ್ಲಿ ಎಲೈಟ್ರಾ ಅನ್ನೋ ರೆಕ್ಕೆ ತಂದರು. ಎಲ್ಲೋ ಆಟದ ತುತ್ತತುದಿಯಲ್ಲಿ, ತೇಲುವ ಹಡಗಿನಲ್ಲಿ ಸಿಗುವಂಥದ್ದು. ತೊಟ್ಟರೆ ಎದೆಯ ಕವಚ ಬಿಡಬೇಕು, ಜಾರುತ್ತಾ ಇಳಿಯಬಹುದೇ ಹೊರತು ಮೇಲೇರೋಕೆ ಆಗಲ್ಲ. ಅಲ್ಲೀತನಕ ಚೆನ್ನಾಗಿತ್ತು. ಅದೇ ವರ್ಷದ ಕೊನೆಗೆ ಬಾಣಬಿರುಸು ಹಚ್ಚಿಕೊಂಡರೆ ರಾಕೆಟ್ಟಿನ ಹಾಗೆ ಹಾರಬಹುದು ಅಂತ ಮಾಡಿದರು. ಕುದುರೆ ಕೊಟ್ಟಿಗೆಯಲ್ಲೇ ಉಳೀತು, ಕಿಲೋಮೀಟರುಗಟ್ಟಲೆ ಹಾಕಿದ ರೈಲು ಹಳಿ ಹುಲ್ಲು ಹತ್ತಿತು, ದೋಣಿ ಬೋರಲು ಬಿತ್ತು. ಹಾರೋದು ಸೊಗಸಾಗಿದೆ, ಸುಳ್ಳು ಹೇಳಲ್ಲ. ಆದರೆ ಮೊದಲು ದಾರಿಯಲ್ಲಿ ಒಂದು ಗುಹೆ, ಒಂದು ಹಳ್ಳಿ, ಒಂದು ಅಪಾಯ ಎದುರಾಗ್ತಿತ್ತು. ಈಗ ಅದೆಲ್ಲ ಕೆಳಗೆ ಎಲ್ಲೋ ಹಸಿರು ಕಲೆ. ಫ್ಲೈಓವರ್ ಬಂದಮೇಲೆ ಕೆಳಗಿನ ಅಂಗಡಿ ಸಾಲಿಗೆ ಆದ ಹಾಗೆ.

ಆಡುವವರೇ ಕಂಪನಿಗಿಂತ ಚೆನ್ನಾಗಿ ಯೋಚಿಸಿದ್ದೂ ಉಂಟು. ಪಿಸ್ಟನ್ ಅಂತ ಇವತ್ತು ಎಲ್ಲರೂ ಬಳಸೋ ವಸ್ತು ಮೊದಲು ಒಬ್ಬ ಮಾಡ್ ಬರೆಯುವವನದ್ದು, ಹಿಪ್ಪೊಪ್ಲಾಟಿಮಸ್ ಅನ್ನೋ ಅಡ್ಡಹೆಸರಿನವನು. 2011ರಲ್ಲಿ ಬೀಟಾ 1.7ರಲ್ಲಿ ಅದನ್ನು ಮೂಲ ಆಟಕ್ಕೇ ಸೇರಿಸಿಕೊಂಡರು. ಪಿಸ್ಟನ್ ಮಾಡೋದೇನು? ಮುಂದಿನ ಇಟ್ಟಿಗೆಯನ್ನು ಒಂದು ಹೆಜ್ಜೆ ತಳ್ಳುತ್ತೆ. ಅಷ್ಟೇ. ಆದರೆ ಅದು ಬಂದಮೇಲೆ ಆಟದ ಹೆಚ್ಚುಕಡಿಮೆ ಪ್ರತಿ ಇಟ್ಟಿಗೆಗೂ 'ತಳ್ಳಿಸಿಕೊಳ್ಳುವ' ಗುಣ ಬಂತು. ಗುಪ್ತ ಬಾಗಿಲು, ತಾನೇ ಕುಯ್ಯುವ ಕಬ್ಬಿನ ತೋಟ, ಏನೇನೋ.

ಇಷ್ಟು ಕೊರೆದಮೇಲೆ ಹುಡುಗ ಕೇಳಿದ: "ಹಂಗಾದ್ರೆ ಗಾಂಡೀವ ಬೇಡ್ವಾ?"

ಬೇಕು ಮಾರಾಯ. ಆದರೆ ನೀನು ತಂದಿರೋದು ಗಾಂಡೀವದ ಹೆಸರು ಮಾತ್ರ. ನನಗೆ ಈ ವಿಷಯದಲ್ಲಿ ನಿಜಕ್ಕೂ ಸಿಟ್ಟಿದೆ, ಹುಡುಗನ ಮೇಲಲ್ಲ. 'ನಮ್ಮ ಸಂಸ್ಕೃತಿ' ಅಂತ ಬೋರ್ಡು ಹಾಕಿಕೊಂಡು ಬರುವ ಎಷ್ಟೋ ಆಟಗಳ ಹಣೆಬರಹ ಇದೇ. ಎಕ್ಸ್‌ಕ್ಯಾಲಿಬರ್ ಅನ್ನೋ ಕಡೆ ಅಳಿಸಿ ವಜ್ರಾಯುಧ ಅಂತ ಬರೀತಾರೆ, ಹಿಡಿಕೆಗೆ ಸ್ವಲ್ಪ ಕುಂಕುಮದ ಬಣ್ಣ ಬಳೀತಾರೆ, ಅಂಕಿ ಅದೇ. ಹಾಗಾದರೆ ಆ ಹೆಸರು ಯಾಕೆ ಬೇಕಿತ್ತು?

ಶಕ್ತ್ಯಾಯುಧದ ಕಥೆಯನ್ನೇ ನೋಡಿ. ಕರ್ಣನಿಗೆ ಅದು ಬಿಟ್ಟಿ ಸಿಕ್ಕಿದ್ದಲ್ಲ. ಹುಟ್ಟುತ್ತಲೇ ಮೈಗೆ ಅಂಟಿ ಬಂದ ಕವಚ ಕುಂಡಲವನ್ನು ಕಿತ್ತು ಇಂದ್ರನಿಗೆ ಕೊಟ್ಟದ್ದಕ್ಕೆ ಬದಲಾಗಿ ಬಂದದ್ದು. ಅದೂ ಒಂದೇ ಸಲ ಬಳಸಬಹುದು ಅನ್ನೋ ಕರಾರಿನ ಮೇಲೆ. ಅರ್ಜುನನಿಗೆ ಅಂತ ಅವನು ಅದನ್ನು ಜೋಪಾನ ಮಾಡಿಟ್ಟ. ಒಂದು ರಾತ್ರಿ ಘಟೋತ್ಕಚ ಇಡೀ ಸೇನೆಯನ್ನು ಅರೆಯತೊಡಗಿದಾಗ ಎಲ್ಲರೂ ಬೊಬ್ಬೆ ಹೊಡೆದು, ಅದನ್ನು ಅವನ ಮೇಲೇ ಖರ್ಚು ಮಾಡಿಸಿದರು. ಈಗ ಹೇಳಿ, ಇದರಲ್ಲಿ ಡ್ಯಾಮೇಜ್ ಎಷ್ಟು ಅನ್ನೋದು ಯಾರಿಗೆ ಬೇಕು? ಆ ಆಯುಧದ ಜೀವ ಇರೋದು ಅದನ್ನು ಬಳಸದೇ ಇಟ್ಟುಕೊಂಡ ಅಷ್ಟೂ ದಿನಗಳಲ್ಲಿ. ಯಾವ ಆಟದಲ್ಲಾದರೂ ಕೊನೆಯ ರಾಕ್ಷಸನಿಗೆ ಅಂತ ಎತ್ತಿಟ್ಟ ಮದ್ದು ಆಟ ಮುಗಿದಮೇಲೂ ಚೀಲದಲ್ಲೇ ಉಳಿದವರಿಗೆ ಈ ಸಂಕಟ ಗೊತ್ತು. ಗಾಂಡೀವವೂ ಹಾಗೇ. ಕೃಷ್ಣ ಹೋದಮೇಲೆ ಅರ್ಜುನನಿಗೆ ಅದಕ್ಕೆ ಹೆದೆ ಏರಿಸೋದೇ ಕಷ್ಟವಾಗುತ್ತೆ, ಬರಿದಾಗದ ಬತ್ತಳಿಕೆ ಬರಿದಾಗುತ್ತೆ, ಕಡೆಗೆ ಬಿಲ್ಲನ್ನು ನೀರಿಗೆ ಹಾಕಬೇಕಾಗುತ್ತೆ. 'ಜೊತೆಗಾರ ಸತ್ತರೆ ಭಾರವಾಗುವ ಬಿಲ್ಲು': ಇಂಥ ಐಟಂ ಯಾರಾದರೂ ಬರೆದರೆ ನಾನು ರಜೆ ಹಾಕಿ ಆಡ್ತೀನಿ.

ಕೊಟ್ಟು ಕೊಳ್ಳುವ ಈ ಲೆಕ್ಕವನ್ನು ಈಚಿನ ಆಟಗಳಲ್ಲಿ ಚೆನ್ನಾಗಿ ಅರಿತವರು 'ಸ್ಲೇ ದ ಸ್ಪೈರ್' ಮಾಡಿದ ಮೆಗಾ ಕ್ರಿಟ್‌ನವರು. 2019ರಲ್ಲಿ ಪೂರ್ತಿ ಬಿಡುಗಡೆಯಾದ ಇಸ್ಪೀಟೆಲೆಯಂಥ ಆಟ. ದೊಡ್ಡ ರಾಕ್ಷಸನನ್ನು ಗೆದ್ದಾಗ ಮೂರು ವಸ್ತು ಎದುರಿಗಿಟ್ಟು ಒಂದನ್ನು ಆರಿಸಿಕೋ ಅಂತಾರೆ. ಅವುಗಳಲ್ಲಿ ಒಂದು ಕಾಫಿ ಡ್ರಿಪ್ಪರ್. ಪ್ರತಿ ಸುತ್ತಿಗೂ ನಿಮಗೆ ಸಿಗುವ ಚೈತನ್ಯ ಮೂರಿದ್ದದ್ದು ನಾಲ್ಕಾಗುತ್ತೆ. ಬದಲಿಗೆ ಇನ್ನು ಮುಂದೆ ಎಲ್ಲೂ ಬೆಂಕಿಯ ಪಕ್ಕ ಕೂತು ವಿಶ್ರಾಂತಿ ತಗೊಂಡು ಗಾಯ ಮಾಗಿಸಿಕೊಳ್ಳೋ ಹಾಗಿಲ್ಲ. ಕಾಫಿ ಕುಡಿದೆಯಲ್ಲ, ನಿದ್ದೆ ಎಲ್ಲಿಂದ ಬರಬೇಕು? ರಿಲೀಸ್ ವಾರದಲ್ಲಿ ಆಫೀಸಿನ ಮಷಿನ್ನಿನ ಮುಂದೆ ನಿಂತವರಿಗೆಲ್ಲ ಈ ವಸ್ತುವಿನ ವಿವರಣೆ ಬೇಡ. ಹೆಸರಿಗೂ ಕೆಲಸಕ್ಕೂ ಇಷ್ಟು ಅನ್ಯೋನ್ಯ ದಾಂಪತ್ಯ ನಾನು ಹೆಚ್ಚು ಕಡೆ ನೋಡಿಲ್ಲ. ಇನ್ನೊಂದಿದೆ, ರೂನಿಕ್ ಡೋಮ್. ಅದೂ ಒಂದು ಚೈತನ್ಯ ಹೆಚ್ಚು ಕೊಡುತ್ತೆ, ಆದರೆ ಎದುರಾಳಿ ಮುಂದೆ ಏನು ಮಾಡಲಿದ್ದಾನೆ ಅಂತ ತೋರಿಸುತ್ತಿದ್ದ ಗುರುತನ್ನು ಮರೆಮಾಡುತ್ತೆ. ನಾನಂತೂ ಅದನ್ನು ಕೈಯಲ್ಲೂ ಮುಟ್ಟಲ್ಲ, ಕಣ್ಣುಕಟ್ಟಿಕೊಂಡು ಬಾವಿಗೆ ಬೀಳೋ ವಯಸ್ಸು ದಾಟಿದೆ.

ಇಲ್ಲೀತನಕ ಅಂಕಿಗಳನ್ನು ಬಯ್ದಿದ್ದಾಯ್ತು. ಆದರೆ ಬರೀ ಅಂಕಿ ಏರಿಸುವ ವಸ್ತುವೂ ಕರುಳು ಹಿಂಡಬಹುದು ಅಂತ ನನಗೆ ತೋರಿಸಿದ್ದು 'ದ ಬೈಂಡಿಂಗ್ ಆಫ್ ಐಸಾಕ್'. ಎಡ್ಮಂಡ್ ಮೆಕ್‌ಮಿಲನ್ ಮತ್ತು ಫ್ಲೋರಿಯನ್ ಹಿಮ್ಸಲ್ 2011ರಲ್ಲಿ ಮಾಡಿದ್ದು. (ಇದನ್ನು ಹುಡುಗನಿಗೆ ತೋರಿಸಲಿಲ್ಲ, ನೀವೂ ತೋರಿಸಬೇಡಿ, ಇನ್ನೂ ಸ್ವಲ್ಪ ವರ್ಷ ಹೋಗಲಿ.) ಐಸಾಕ್ ಒಬ್ಬ ಪುಟ್ಟ ಹುಡುಗ. ಮಗನನ್ನು ಬಲಿಕೊಡು ಅಂತ ದೇವರು ಹೇಳಿದ ಅಂತ ಅವನ ತಾಯಿ ನಂಬುತ್ತಾಳೆ. ಅವನು ನೆಲಮಾಳಿಗೆಗೆ ತಪ್ಪಿಸಿಕೊಳ್ತಾನೆ. ಅವನ ಹತ್ತಿರ ಇರುವ ಗುಂಡು ಅಂದರೆ ಕಣ್ಣೀರು. ಅಳುತ್ತಾ ಅಳುತ್ತಾ ಕೊಲ್ಲಬೇಕು.

ಆ ಆಟದಲ್ಲಿ ನೂರಾರು ವಸ್ತು. ಅವುಗಳಲ್ಲಿ ಒಂದು ಮರದ ಚಮಚ. ಎತ್ತಿಕೊಂಡರೆ ಏನಾಗುತ್ತೆ? ಓಟದ ವೇಗ ಹೆಚ್ಚುತ್ತೆ. ಇನ್ನೊಂದು ಬೆಲ್ಟು. ಅದಕ್ಕೂ ವೇಗ ಹೆಚ್ಚುತ್ತೆ. ಮೊದಲ ಸಲ ಆಡಿದಾಗ ಚಮಚಕ್ಕೂ ಓಟಕ್ಕೂ ಏನು ಸಂಬಂಧ ಅಂತ ನಕ್ಕಿದ್ದೆ. ಎಷ್ಟೋ ದಿನದ ಮೇಲೆ, ಬಸ್ಸಿನಲ್ಲಿ ಕೂತಿದ್ದಾಗ, ತಟ್ಟನೆ ಹೊಳೆಯಿತು. ಮನೆಯಲ್ಲಿ ಮರದ ಚಮಚ, ಬೆಲ್ಟು ಕೈಗೆತ್ತಿಕೊಳ್ಳುವವರು ಇದ್ದರೆ ಮಕ್ಕಳು ಬೇಗ ಓಡೋದು ಕಲೀತಾರೆ. ಆಟ ಅದನ್ನು ಎಲ್ಲೂ ಬಾಯಿಬಿಟ್ಟು ಹೇಳಲ್ಲ. ವೇಗ ಹೆಚ್ಚು, ಅಷ್ಟೇ. ಅಮ್ಮನ ಲಿಪ್‌ಸ್ಟಿಕ್ಕು, ಅಮ್ಮನ ಹೀಲ್ಸು, ಅಮ್ಮನ ಚಾಕು, ಮಗುವಿನ ಚೀಲಕ್ಕೆ ಒಂದೊಂದಾಗಿ ಬಂದು ಬೀಳುತ್ತವೆ. ಅದೇ ಆಟದ ಬೈಬಲ್ ಇನ್ನೂ ಘಾಟಿ. ತಾಯಿಯ ಎದುರು ಬಳಸಿದರೆ ಅವಳು ಒಂದೇ ಏಟಿಗೆ ಸಾಯ್ತಾಳೆ. ಅದನ್ನೇ ನಂಬಿಕೊಂಡು ಸೈತಾನನ ಎದುರು ಬಳಸಿದಿರೋ, ಸಾಯೋದು ನೀವು. ಈ ಆಟಕ್ಕೆ ಅಭಿಮಾನಿಗಳು 2016ರಲ್ಲಿ 'ಆಂಟಿಬರ್ತ್' ಅನ್ನೋ ದೊಡ್ಡ ಮಾಡ್ ಬರೆದರು. ಐದು ವರ್ಷದ ಮೇಲೆ ಅದು 'ರಿಪೆಂಟೆನ್ಸ್' ಅನ್ನೋ ಹೆಸರಿನಲ್ಲಿ ಮೂಲ ಆಟದ ಅಧಿಕೃತ ಭಾಗವೇ ಆಯ್ತು. ಹೊರಗಿನವರು ಬರೆದದ್ದು ಅಲ್ಲಿ ಹೊಲಿಗೆ ಕಾಣದ ಹಾಗೆ ಕೂತಿದೆ. ಮನೆಯ ಕಥೆ ಏನು ಅಂತ ತಿಳಿದುಕೊಂಡೇ ಸಾಮಾನು ತಂದವರು ಅವರು.

ಇದಾಗಿ ಎರಡು ದಿನ ಹುಡುಗ ನನ್ನ ಹತ್ತಿರ ಮಾಡ್ ಸುದ್ದಿ ಎತ್ತಲಿಲ್ಲ. ಜಾಸ್ತಿ ಕೊರೆದೆನೇನೋ ಅಂತ ನನಗೂ ಅನ್ನಿಸ್ತು. ಮೂರನೇ ದಿನ ಸಂಜೆ ಬೆಂಗಳೂರಿನಲ್ಲಿ ಮಾವಿನ ಮಳೆ. ಕರೆಂಟು ಹೋಯ್ತು. ಅಮ್ಮ ತೀರ್ಥಹಳ್ಳಿ ಕಡೆಯ ಮಳೆಗಾಲದ ಸುದ್ದಿ ತೆಗೆದಳು. ಅಜ್ಜ ಗೊರಬು ಹಾಕಿಕೊಂಡು ಗದ್ದೆಗೆ ಹೋಗುತ್ತಿದ್ದದ್ದು, ಹಿಂದಿನಿಂದ ನೋಡಿದರೆ ದೊಡ್ಡದೊಂದು ಆಮೆ ನಡೆದುಹೋದ ಹಾಗೆ ಕಾಣುತ್ತಿದ್ದದ್ದು. ಹುಡುಗ ಗೊರಬು ಅಂದರೇನು ಅಂದ. ಬಿದಿರಿನ ಸಲಕೆ ಹೆಣೆದು, ನಡುವೆ ಎಲೆ ಒತ್ತಾಗಿ ಹೊದಿಸಿ ಮಾಡಿದ್ದು, ತಲೆಯಿಂದ ಬೆನ್ನಿನ ಮೇಲೆ ಇಳಿಬಿಟ್ಟುಕೊಳ್ಳೋದು ಅಂತ ಅಮ್ಮ ಕೈಯಲ್ಲೇ ಆಕಾರ ತೋರಿಸಿದಳು. "ಕೊಡೆ ಇರ್ಲಿಲ್ವಾ ಅಜ್ಜಿ?" ಅಂದ. "ಕೊಡೆ ಹಿಡ್ಕೊಂಡ್ರೆ ಸಸಿ ನೆಡೋದು ಯಾವ ಕೈಯಲ್ಲೋ?" ಅಂದಳು ಅಮ್ಮ.

ನಾನು ಕತ್ತಲಲ್ಲೇ ಕೂತು ಯೋಚಿಸಿದೆ. ಎಂಥ ಐಟಂ ಇದು! ಎರಡೂ ಕೈ ಬಿಡುವು ಕೊಡುತ್ತೆ, ಬದಲಿಗೆ ಬೆನ್ನು ಬಗ್ಗಿಸೇ ಇರಬೇಕು. ನೆಟ್ಟಗೆ ನಿಂತರೆ ಅದರ ಉಪಯೋಗ ಅರ್ಧಕ್ಕರ್ಧ ಕಡಿಮೆ. ಯಾರು ಯಾವ ಕೆಲಸಕ್ಕೆ ಮಾಡಿಕೊಂಡದ್ದು ಅಂತ ಅದರ ಆಕಾರವೇ ಹೇಳುತ್ತೆ. ಆದರೆ ಮರುಕ್ಷಣವೇ ತೊಡಕು ಹೊಳೆಯಿತು. ಮೈನ್‌ಕ್ರಾಫ್ಟ್‌ನ ಮಳೆ ಆಡುವವನನ್ನು ಒದ್ದೆ ಮಾಡಲ್ಲ. ಬೆಂಕಿ ಆರಿಸುತ್ತೆ, ಮೀನು ಬೇಗ ಕಚ್ಚುವ ಹಾಗೆ ಮಾಡುತ್ತೆ, ಗುಡುಗಿದರೆ ಹಗಲಲ್ಲೇ ಪಿಶಾಚಿ ಬರ್ತವೆ. ನಿಮಗೆ ಮಾತ್ರ ಚಳಿಯಿಲ್ಲ, ನೆಗಡಿಯಿಲ್ಲ. ಮಳೆಗೆ ನೆನೆಯದವನಿಗೆ ಗೊರಬು ಯಾಕೆ? ಅದನ್ನು ತರಬೇಕಾದರೆ ಮೊದಲು ಆಗುಂಬೆಯ ಮಳೆಯನ್ನೇ ತರಬೇಕು, ಕೆಸರು ತರಬೇಕು, ನೆಟ್ಟಿ ತರಬೇಕು. ಒಂದು ಐಟಂಗೆ ಹೋಗಿ ಒಂದು ಜಗತ್ತು ಬರೆಯಬೇಕು. ಹುಡುಗನಿಗೆ ಇದನ್ನೇ ಹೇಳಿದೆ. ಗೊರಬು ಆಗಲ್ಲ ಕಣೋ, ಅಲ್ಲಿ ಮಳೆ ಯಾರಿಗೂ ತಾಗಲ್ಲ.

ಅವನು ತಲೆ ಎತ್ತಿ, "ಎಂಡರ್‌ಮ್ಯಾನ್‌ಗೆ ತಾಗತ್ತಲ್ಲ?" ಅಂದ.

ನಿಜ. ನಾನು ಮರೆತೇಬಿಟ್ಟಿದ್ದೆ. ಎಂಡರ್‌ಮ್ಯಾನ್ ಅಂದರೆ ಸುಮಾರು ಮೂರು ಇಟ್ಟಿಗೆ ಎತ್ತರದ, ಉದ್ದುದ್ದ ಕೈಕಾಲಿನ ಕಪ್ಪು ಜೀವಿ. ತನ್ನ ಪಾಡಿಗೆ ತಾನು ಓಡಾಡಿಕೊಂಡು ಅಲ್ಲೊಂದು ಮಣ್ಣಿನ ಇಟ್ಟಿಗೆ ಎತ್ತಿ ಇಲ್ಲಿ ಇಡುತ್ತಾ ಇರುತ್ತದೆ. ಕಣ್ಣಿಗೆ ಕಣ್ಣು ಕೊಟ್ಟು ನೋಡಿದರೆ ಮಾತ್ರ ಮೈಮೇಲೆ ಬೀಳುತ್ತದೆ. ನೀರೆಂದರೆ ಆಗದು. ಮಳೆ ಹನಿ ಬಿದ್ದರೂ ಅದಕ್ಕೆ ಸುಡುತ್ತೆ, ಪಾಪ, ಚಡಪಡಿಸಿ ಅಲ್ಲಿಂದ ಮಾಯವಾಗಿ ಇನ್ನೆಲ್ಲೋ ಪ್ರತ್ಯಕ್ಷವಾಗುತ್ತೆ. ಇಡೀ ಆಟದಲ್ಲಿ ಮಳೆಗೆ ಸೂರು ಹುಡುಕುವ ಪಾತ್ರಗಳು ಬೆರಳೆಣಿಕೆ, ಇದು ಅದರಲ್ಲೊಂದು.

"ಅದಕ್ಕೆ ಗೊರಬು ಕೊಡೋಣ" ಅಂದ. "ಕೊಡೆ ಆಗಲ್ಲ ಚಿಕ್ಕಿ. ಅದರ ಎರಡೂ ಕೈಯಲ್ಲಿ ಇಟ್ಟಿಗೆ ಇರತ್ತಲ್ಲ."

ನಾನು ಏನೂ ಹೇಳೋಕೆ ಹೋಗಲಿಲ್ಲ. ಮೊಂಬತ್ತಿ ಹಚ್ಚಿ ನೋಟ್‌ಬುಕ್ ತಂದೆವು. ಆಮೇಲಿನದೆಲ್ಲ ತನ್ನಷ್ಟಕ್ಕೆ ಬಂತು. ಬಿದಿರು 2019ರಿಂದ ಆಟದಲ್ಲೇ ಇದೆ, ಎಲೆಯನ್ನು ಕತ್ತರಿಯಿಂದ ಕತ್ತರಿಸಿಕೊಂಡರೆ ಆಯ್ತು. ಎರಡೂ ಇಷ್ಟು ದಿನ ಅಂಥ ದೊಡ್ಡ ಕೆಲಸಕ್ಕೇನೂ ಬರುತ್ತಿರಲಿಲ್ಲ. ಕೊಡೋದು ಹೇಗೆ, ಮುಖ ನೋಡಿದರೆ ಹೊಡೆಯುತ್ತಲ್ಲ? ಅದಕ್ಕೆ ಕೆತ್ತಿದ ಕುಂಬಳಕಾಯಿ ಇದೆ. ಅದನ್ನು ತಲೆಗೆ ಹಾಕಿಕೊಂಡರೆ ಎಂಡರ್‌ಮ್ಯಾನ್ ಸಿಟ್ಟಾಗಲ್ಲ, ಆದರೆ ನಿಮಗೆ ಎರಡು ತೂತಿನಿಂದ ಕಾಣುವಷ್ಟೇ ಜಗತ್ತು. ಯಾರೂ ಹೆಚ್ಚು ಹಾಕದೇ ಇದ್ದ ಆ ಬುರುಡೆಗೆ ಕೆಲಸ ಬಂತು. ಇಲ್ಲದಿದ್ದರೆ ತಲೆ ತಗ್ಗಿಸಿ, ಅದರ ಕಾಲನ್ನೇ ನೋಡುತ್ತಾ ಹೋಗಿ ಕೊಡಬೇಕು. ದೊಡ್ಡವರಿಗೆ ಏನಾದರೂ ಕೊಡುವಾಗ ಹಾಗೇ ತಾನೇ ಕೊಡೋದು, ಅಂದಳು ಅಮ್ಮ. ಗೊರಬು ಸಿಕ್ಕ ಎಂಡರ್‌ಮ್ಯಾನ್ ಮಳೆಯಲ್ಲಿ ಮಾಯವಾಗೋದಿಲ್ಲ. ನಿಂತಲ್ಲೇ ನಿಲ್ಲುತ್ತೆ, ಕೈಯಲ್ಲಿದ್ದ ಇಟ್ಟಿಗೆಯನ್ನು ನಿಮ್ಮ ಕಾಲ ಬಳಿ ಇಟ್ಟು ಹೋಗುತ್ತೆ.

ಆಗ ಹುಡುಗನೇ ಒಂದು ಕೊಕ್ಕೆ ಹಾಕಿದ. ಎಂಡರ್‌ಮ್ಯಾನ್‌ನ ಕೊಂದರೆ ಮುತ್ತು ಸಿಗತ್ತೆ. ಆ ಮುತ್ತಿಲ್ಲದೆ ಆಟದ ಕೊನೆ ಮುಟ್ಟೋದು ಕಷ್ಟ. ಮಾಯವಾಗದೆ ನಿಂತಿರೋ ಎಂಡರ್‌ಮ್ಯಾನ್‌ನ ಕೊಲ್ಲೋದು ಬಹಳ ಸುಲಭ. "ಗೊರಬು ಕೊಟ್ಟು, ಅದು ನಂಬಿ ನಿಂತ್ಕೊಂಡಾಗ ಹೊಡೆದ್ರೆ?" ಅಂತ ಕೇಳಿದ. ನಾನು, "ಹೊಡೆದ್ರೆ ಏನಾಗ್ಬೇಕು ಅಂತ ನೀನೇ ಹೇಳು" ಅಂದೆ. ಶಿಕ್ಷೆ ಇಡೋಣ್ವಾ, ಉಳಿದ ಎಂಡರ್‌ಮ್ಯಾನ್‌ಗಳೆಲ್ಲ ಬಂದು ಹೊಡೆಯೋ ಹಾಗೆ ಮಾಡೋಣ್ವಾ ಅಂತ ಅವನು ತುಂಬಾ ಹೊತ್ತು ಲೆಕ್ಕ ಹಾಕಿದ. ಕೊನೆಗೆ ಏನೂ ಬೇಡ ಅಂದ. ಮುತ್ತು ಸಿಗಲಿ. ಗೊರಬು ನೆಲಕ್ಕೆ ಬಿದ್ದಿರಲಿ. ಅದನ್ನ ಎತ್ಕೊಂಡು ಇನ್ನೊಂದು ಎಂಡರ್‌ಮ್ಯಾನ್‌ಗೆ ಕೊಡೋ ಹಾಗೂ ಇರಲಿ. ಮಾಡೋರು ಮಾಡ್ಕೊಳ್ಳಲಿ. ನನಗಾದರೋ ಆ ನೆಲಕ್ಕೆ ಬಿದ್ದ ಗೊರಬು ಈಗಲೂ ಒಮ್ಮೊಮ್ಮೆ ಕಣ್ಣ ಮುಂದೆ ಬರುತ್ತೆ.

ಚಿತ್ರ ಬರೆಯೋದೇ ಕಷ್ಟವಾಯ್ತು. ಈ ಆಟದ ವಸ್ತುವಿನ ಚಿತ್ರ ಉದ್ದಕ್ಕೆ 16, ಅಡ್ಡಕ್ಕೆ 16, ಒಟ್ಟು 256 ಚುಕ್ಕಿ. ಅದರಲ್ಲಿ ಬಿದಿರಿನ ಹೆಣಿಗೆ ತೋರಿಸೋದು ಎಲ್ಲಿಂದ? ಮೊದಲ ಸಲ ಆಮೆ ಚಿಪ್ಪಿನ ಹಾಗೆ ಬಂತು, ಅದು ಆಟದಲ್ಲಿ ಮೊದಲೇ ಇದೆ. ಎರಡನೇ ಸಲ ಬರೆದದ್ದನ್ನು ನೋಡಿ ಅಮ್ಮ, "ಇದು ಗೊರಬಲ್ಲ, ಮಗುಚಿ ಹಾಕಿದ ಬೋಗುಣಿ" ಅಂದಳು. ಅವಳನ್ನೇ ಪಕ್ಕಕ್ಕೆ ಕೂರಿಸಿಕೊಂಡು, ಇಲ್ಲಿ ಕಂದು, ಇಲ್ಲಿ ಹಸಿರು, ತುದಿ ಸ್ವಲ್ಪ ಚೂಪು ಅಂತ ಹೇಳಿಸಿಕೊಂಡು ಐದನೇ ಸಲ ಒಪ್ಪುವ ಹಾಗೆ ಬಂತು. ಹೆಸರನ್ನು ಎರಡು ಫೈಲಿನಲ್ಲಿ ಬರೆದೆವು. ಮೈನ್‌ಕ್ರಾಫ್ಟ್‌ನ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ, ಆಡುವವರೇ ಸೇರಿ ಅನುವಾದಿಸಿದ್ದು. ಕನ್ನಡದ ಫೈಲಿನಲ್ಲಿ 'ಗೊರಬು' ಅಂತ ಒಂದೇ ಪದ. ಇಂಗ್ಲಿಷ್ ಫೈಲಿನಲ್ಲಿ ಏನು ಬರೆಯೋದು ಅಂತ ಅರ್ಧ ಗಂಟೆ ತಲೆ ಕೆರೆದುಕೊಂಡು, ಅಲ್ಲೂ ಗೊರಬು ಅಂತಲೇ ಬರೆದ.

ರಜೆ ಮುಗಿಸಿ ಊರಿಗೆ ಹೋದ. ಮೊನ್ನೆ ಫೋನ್ ಮಾಡಿದಾಗ ಕೇಳಿದೆ, ಪಟ್ಟಿಯಲ್ಲಿದ್ದ ಉಳಿದ ನಲವತ್ಮೂರು ಏನಾಯ್ತೋ ಅಂತ. ಎಲ್ಲ ಹಾಗೇ ಇವೆಯಂತೆ. ಗಾಂಡೀವದ ಡ್ಯಾಮೇಜ್ 50 ಇದ್ದದ್ದು ಈಗ 60 ಆಗಿದೆ.